ಪಾಸ್ಡ್ ಔಟ್ ಆದವಳ ಇಂಗ್ಲಿಷ್ ಕ್ಲಾಸ್

(ಐನ್‌ಮನೆ, ಅಂದರೆ ಕುಟುಂಬದ ಮೂಲಮನೆಯವರ ವಾಟ್ಸಾಪ್ ಗ್ರೂಪ್)

ಸೋಮವಾರಪೇಟೆ ಮಾವ: ಮೇಲೆ ಹಾಕಿದ ವಿಡಿಯೊ ನೋಡಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ 9ಕ್ಕೆ 7 ತೆಗೆದ ಹುಡುಗನನ್ನು ಅಮೆರಿಕದಲ್ಲಿ ಮತ್ತೆ ಇಂಗ್ಲಿಷ್ ಕ್ಲಾಸಿಗೆ ಕೂರಿಸಿದ್ದಾರಂತೆ. ದುಡ್ಡು ಕೀಳುವ ದಾರಿ, ಬೇರೇನಿಲ್ಲ.

ಮಡಿಕೇರಿ ಚಿಕ್ಕಮ್ಮ: ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ಮಕ್ಕಳಿಗೆ ಇದು ಅವಮಾನ ಅಲ್ವಾ ಅಣ್ಣ?

ಅಮೆರಿಕ ಅಕ್ಕ: ಮಾವ, ನನ್ನನ್ನೂ ಕೂರಿಸಿದ್ದರು. ಅಲ್ಲಿಗೆ ಹೋದ ಮೊದಲ ವಾರವೇ ಪ್ಲೇಸ್‌ಮೆಂಟ್ ಟೆಸ್ಟ್, ಯಾರನ್ನು ಯಾವ ಕ್ಲಾಸಿಗೆ ಹಾಕಬೇಕು ಅಂತ ನೋಡುವುದಕ್ಕೆ. ಎರಡು ಲೇಖನ ಕೊಟ್ಟು, ಓದಿ ನಿಮ್ಮ ವಾದ ಬರೆಯಿರಿ ಅಂದರು. ನಾನು ಅದರ ಸಾಲುಗಳನ್ನೇ ಹಾಗೇ ಇಳಿಸಿಬಿಟ್ಟೆ, ನಮ್ಮಲ್ಲಿ ನೋಟ್ಸ್‌ನಲ್ಲಿದ್ದಂತೆ ಬರೆದರೆ ತಾನೇ ಪೂರ್ತಿ ಮಾರ್ಕ್ಸ್? ಅಲ್ಲಿ ಅದಕ್ಕೆ ಕದ್ದದ್ದು ಅಂತಾರೆ. ಐಇಎಲ್‌ಟಿಎಸ್‌ನಲ್ಲಿ 40 ನಿಮಿಷಕ್ಕೆ 250 ಪದ ಸ್ವಂತ ಅಭಿಪ್ರಾಯ ಬರೆದರೆ ಆಯ್ತು, ಇನ್ನೊಬ್ಬರ ಮಾತನ್ನು ಹೆಸರು ಹೇಳಿ ಬಳಸುವುದು ಅದರಲ್ಲಿ ಬರುವುದೇ ಇಲ್ಲ.

ಅಮೆರಿಕ ಅಕ್ಕ: ಇನ್ನೊಂದು ಕೇಳಿ. ಪರಿಚಯ ಬರೆಯುವಾಗ ಡಿಗ್ರಿ ಮುಗಿಸಿದ್ದಕ್ಕೆ 'ಐ ಪಾಸ್ಡ್ ಔಟ್' ಅಂದಿದ್ದೆ. ಟೀಚರ್ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಈಗ ಹುಷಾರಾಗಿದ್ದೀಯಾ?' ಅಂತ ಬರೆದಿದ್ದರು. ಅವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದದ್ದು!

ಮಡಿಕೇರಿ ಚಿಕ್ಕಮ್ಮ: ಅಯ್ಯೋ! ನಾನು ಈಗಲೂ ಹಾಗೇ ಹೇಳುವುದು.

ಕುಶಾಲನಗರ ಅಣ್ಣ: ಅದೆಲ್ಲ ಸರಿ, ಫೀಸು?

ಅಮೆರಿಕ ಅಕ್ಕ: ಅಲ್ಲೇ ನನಗೂ ಹೊಟ್ಟೆ ಉರಿಯುವುದು. ಆ ಕ್ಲಾಸಿನ ಕ್ರೆಡಿಟ್ ಎಂಎಸ್ ಲೆಕ್ಕಕ್ಕೆ ಸೇರಲಿಲ್ಲ, ಫೀಸು ಮಾತ್ರ ಬಿಲ್ಲಿಗೆ ಸರಿಯಾಗಿ ಸೇರಿತು. ನಮ್ಮ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮಾತ್ರ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಬಂದ ದುಡ್ಡು ಅದಕ್ಕೇ ಹೋಯಿತು. ಕಲಿಸಲಿ, ಬೇಡ ಅನ್ನಲ್ಲ, ಆದರೆ ಕಡ್ಡಾಯ ಮಾಡಿದ ಮೇಲೆ ಡಿಗ್ರಿಗೆ ಲೆಕ್ಕ ಹಿಡಿಯಬೇಕು ತಾನೇ?

ಸೋಮವಾರಪೇಟೆ ಮಾವ: ನಾನು ಹೇಳಿದ್ದೂ ಅದೇ. 1834ರಲ್ಲಿ ಇಂಗ್ಲಿಷರು ಕೊಡಗಿಗೆ ಬಂದು ಕೂತರಲ್ಲ, ಅವರಿಗೆ ಯಾರಾದರೂ ನಮ್ಮ ಮನೆಮಾತು ಅರೆಭಾಷೆಯ ಕ್ಲಾಸ್ ಇಟ್ಟರಾ?

ಅಮೆರಿಕ ಅಕ್ಕ: ಮಾವ, ಒಂದನೇ ಕ್ಲಾಸಲ್ಲಿ ಮೇಷ್ಟ್ರಿಗೆ ಅರೆಭಾಷೆಯಲ್ಲಿ ಉತ್ತರ ಹೇಳಿ ಬೆತ್ತದ ಏಟು ತಿಂದದ್ದು ಯಾರು? ಆಗ ಕನ್ನಡವೇ ನಿಮ್ಮ ಕಡ್ಡಾಯ ಕ್ಲಾಸ್.

ಕುಶಾಲನಗರ ಅಣ್ಣ: ಸಿಕ್ಕಿಬಿದ್ದರು 😂

ಸೋಮವಾರಪೇಟೆ ಮಾವ: ಅದು ಬೇರೆ. ಅದಕ್ಕೆ ಫೀಸು ಇರಲಿಲ್ಲ.

(ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.)

ಸೋಮವಾರಪೇಟೆ ಮಾವ: ಮಗಳೇ, ನಮ್ಮವನು ಆಗಸ್ಟ್‌ನಲ್ಲಿ ಹೊರಡಬೇಕು. ಈ ಸಲದ ರೊಬಸ್ಟಾ ಕಾಫಿಯ ದುಡ್ಡೆಲ್ಲ ಅವನ ಫೀಸಿಗೇ ಹೋಗಿದೆ, ಕಾಳುಮೆಣಸು ಮಾತ್ರ ಉಳಿದಿದೆ. ಆ ಟೆಸ್ಟಿಗೆ ಏನು ಓದಬೇಕು ಅಂತ ಅವನಿಗೊಂದು ಫೋನ್ ಮಾಡಿ ಹೇಳು. ನಾನು ಹೇಳಿದೆ ಅನ್ನಬೇಡ.

ಕುಶಾಲನಗರ ಅಣ್ಣ: ಮಾವ, ಅವನೂ ಇದೇ ಗ್ರೂಪಲ್ಲಿದ್ದಾನೆ.