ಅಮ್ಮನ ಹಸೆ ಹಾಡುಗಳ ನುಡಿ ಫೈಲು: ತೆರೆದರೆ ಒಂದಕ್ಷರ ಕನ್ನಡ ಇಲ್ಲ

ಮಳೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ರಿಟೈರ್ ಆದ ಮೇಲೆ, 2004ರಿಂದ ಐದಾರು ವರ್ಷ, ಮದುವೆಮನೆ ಮದುವೆಮನೆ ಸುತ್ತಿ ಅಜ್ಜಿಯರ ಹಸೆ ಹಾಡುಗಳನ್ನು ಕ್ಯಾಸೆಟ್ಟಿಗೆ ಹಿಡಿದು, ಆಮೇಲೆ ಕೇಳಿ ಕೇಳಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಒಟ್ಟು 63 ವರ್ಡ್ ಫೈಲು.

ಹಳೇ ಕಂಪ್ಯೂಟರ್ ಹೋದ ತಿಂಗಳು ಕೈ ಕೊಟ್ಟಿತು. ರಿಪೇರಿ ಅಂಗಡಿಯವರು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು "ಎಲ್ಲಾ ಬಂದಿದೆ ಮೇಡಂ" ಎಂದರು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ. ಅದೂ ನೆಟ್ಟಗಿಲ್ಲ, ತಲೆ ಮೇಲೆ ಟೋಪಿ, ಕೆಳಗೆ ಬಾಲ, ನಡುನಡುವೆ ಪೌಂಡ್ ಚಿಹ್ನೆ. ಅಮ್ಮ ನೋಡಿ "ಹಾಳಾಯ್ತಲ್ಲೇ" ಎಂದವರು ಆವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಇದು ವೈರಸ್ಸಾ? ಫೈಲೇ ಕೆಟ್ಟಿದೆಯಾ? ತಂಗಿಯ ಮಗಳ ಮದುವೆ ಬರುವ ತಿಂಗಳು. "ಆ ಮಲ್ಲಿಗೆ ದಂಡೆ ಹಾಡು ಕಳಿಸೇ" ಎಂದು ಚಿಕ್ಕಮ್ಮ ದಿನಾ ಫೋನ್ ಮಾಡುತ್ತಾರೆ. ನನಗೆ ಬರುವುದು ವಾಟ್ಸಾಪ್, ಬ್ಯಾಂಕ್ ಆ್ಯಪ್, ಅಡಿಕೆ ಲೆಕ್ಕದಷ್ಟು ಎಕ್ಸೆಲ್. ಅಷ್ಟಕ್ಕೆ ತಕ್ಕ ಹಾಗೆ ಹೇಳಿ.

ಡಿಟಿಪಿ ಹಳಬ:
ಹೆದರಬೇಡಿ, ಏನೂ ಹಾಳಾಗಿಲ್ಲ. ಆ ಪೌಂಡ್ ಚಿಹ್ನೆ ಇದೆಯಲ್ಲ, ಅದು ನಿಮ್ಮಮ್ಮನ 'ನ'. ಆಗಿನ ಫಾಂಟುಗಳು ಮಾಡುತ್ತಿದ್ದದ್ದು ಇಷ್ಟೇ: ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುವುದು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಮುಖವಾಡ ಕಳಚಿದ ಇಂಗ್ಲಿಷ್. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ.

ಹಾಡಿನ ಮೇಲೆ ಕ್ಲಿಕ್ ಮಾಡಿ, ಮೇಲ್ಗಡೆ ಫಾಂಟ್ ಹೆಸರಿನ ಪೆಟ್ಟಿಗೆ ನೋಡಿ. ಫಾಂಟ್ ಇಲ್ಲದಿದ್ದರೂ ಅದರ ಹೆಸರು ಅಲ್ಲಿ ಉಳಿದಿರುತ್ತದೆ. 'ನುಡಿ' ಎಂದಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಿ, ದುಡ್ಡಿಲ್ಲ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.

ಮಳೆಮನೆ:
ಬಂತು!! ಅಮ್ಮ ಕನ್ನಡಕ ಹಾಕಿಕೊಂಡು ಒಂದು ಗಂಟೆ ಅಲ್ಲೇ ಕೂತು ಓದಿದರು. ಓದಿದ್ದೇನು, ಹಾಡಿಯೇ ಬಿಟ್ಟರು.

ಆದರೆ ಈಗ ಇನ್ನೊಂದು ತರಲೆ. ಕಂಟ್ರೋಲ್ ಎಫ್ ಒತ್ತಿ ಫೋನಿನಿಂದ ನಕಲು ಮಾಡಿದ 'ಮಲ್ಲಿಗೆ' ಹಾಕಿದರೆ ಸಿಗುವುದಿಲ್ಲ ಎನ್ನುತ್ತದೆ. ಕಣ್ಣೆದುರಿಗೇ ಇದೆ! ಹಾಡನ್ನು ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದರೆ ಅವರಿಗೂ ಅದೇ ಟೋಪಿ ಬಾಲ.

ಸೊನ್ನೆ ಒಂದು:
ಹಳಬರು ಹೇಳಿದ್ದು ಸರಿ, ಆದರೆ ಅದು ಮುಖವಾಡವನ್ನು ಮತ್ತೆ ಹಾಕಿದ ಹಾಗೆ. ಒಳಗಿರುವುದು ಇನ್ನೂ ಇಂಗ್ಲಿಷ್ ಅಕ್ಷರಗಳೇ. ಹುಡುಕಬೇಕು, ಫೋನಿನಲ್ಲಿ ಕಾಣಬೇಕು ಎಂದರೆ ಯೂನಿಕೋಡಿಗೆ ಬದಲಾಯಿಸಲೇಬೇಕು. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೇ ಎಂದು 128 ಜಾಗಗಳು ಮೀಸಲಿವೆ. 'ಕ' ಎಂದರೆ ಎಲ್ಲಾ ಕಡೆಯೂ 'ಕ'.

ಅರವಿಂದ ವಿ.ಕೆ. ಅವರು ಮಾಡಿರುವ ಪರಿವರ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 'ಆಸ್ಕಿಯಿಂದ ಯೂನಿಕೋಡ್' ಎಂದು ಹುಡುಕಿ (ಇಂಥ ಹಳೇ ಫಾಂಟಿನ ಪಠ್ಯಕ್ಕೆ 'ಆಸ್ಕಿ' ಎನ್ನುತ್ತಾರೆ). ಒಂದು ಪೆಟ್ಟಿಗೆಗೆ ಹಳೇ ಪಠ್ಯ ಅಂಟಿಸಿ ಗುಂಡಿ ಒತ್ತಿದರೆ ಕನ್ನಡ ಬರುತ್ತದೆ. 'ಬರಹ' ಎಂಬ ಇನ್ನೊಂದು ತಂತ್ರಾಂಶದ ಫಾಂಟಿನವೂ ಆಗುತ್ತವೆ. ಇದು ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸ ಅಲ್ಲ. ಉದಾಹರಣೆಗೆ 'ಕರ್ನಾಟಕ' ತೆಗೆದುಕೊಳ್ಳಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆಯೇ 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ 'ರ್' ಮೊದಲು, ಆಮೇಲೆ 'ನಾ'. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು.

ಒಂದು ಎಚ್ಚರಿಕೆ. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಗಾಣಕ್ಕೆ ಬೀಳುತ್ತದೆ.

ಅಂಚೆಪೆಟ್ಟಿಗೆ:
ಒಂದೇ ಮಾತು. ಮೂಲ 63 ಫೈಲನ್ನು ಮುಟ್ಟಲೇಬೇಡಿ. ನಕಲು ಮಾಡಿ, ನಕಲಿನ ಮೇಲೆ ಪ್ರಯೋಗ ಮಾಡಿ. ಮತ್ತೆ ಆಸ್ತಿ ಪತ್ರ, ಆಸ್ಪತ್ರೆ ಕಾಗದ ಇಂಥವನ್ನು ಯಾವ ವೆಬ್‌ಸೈಟಿಗೂ ಅಂಟಿಸಬೇಡಿ. ಹಾಡಿಗೆ ಪರವಾಗಿಲ್ಲ.

ಮಳೆಮನೆ:
ಮೂರು ರಾತ್ರಿ ಕೂತು 61 ಫೈಲು ಮುಗಿಸಿದೆ. ನಿಮ್ಮ ಎಚ್ಚರಿಕೆ ಸುಮ್ನೆ ಅಲ್ಲ. ಅಮ್ಮ ಹಾಡಿನ ತಲೆಬರಹದಲ್ಲಿ ಕ್ಯಾಸೆಟ್ಟಿನ ಗುರುತು ಇಂಗ್ಲಿಷಿನಲ್ಲಿ ಬರೆದಿದ್ದರು, 'ಸೈಡ್ ಎ ಅಂಡ್ ಬಿ' ಎಂದು. ಆ 'ಅಂಡ್' ಎಲ್ಲಾ ಕಡೆ 'ಚಿಟಿಜ' ಆಗಿದೆ! ಅಮ್ಮ "ಇದ್ಯಾವ ರಾಗ?" ಎಂದರು.

ಚಿಟಿಜವನ್ನೇ ಹುಡುಕಿ ಒಂದೊಂದಾಗಿ ಸರಿ ಮಾಡುತ್ತಾ ಹೋದೆ. 20 ಫೈಲು ಆದ ಮೇಲೆ ಬುದ್ಧಿ ಬಂತು. ವರ್ಡಿನ 'ಹುಡುಕಿ ಬದಲಿಸಿ' ಪೆಟ್ಟಿಗೆಯಲ್ಲಿ ಪದದ ಬದಲು ಫಾಂಟ್ ಹೆಸರು ಕೊಟ್ಟೂ ಹುಡುಕಬಹುದು ಅಲ್ವಾ? ಇಂಗ್ಲಿಷ್ ಎಲ್ಲಾ ಟೈಮ್ಸ್ ನ್ಯೂ ರೋಮನ್‌ನಲ್ಲಿತ್ತು. ಮೂಲದ ನಕಲಿನಲ್ಲಿ ಅದಕ್ಕೆಲ್ಲಾ ಹಳದಿ ಬಳಿದು ಪಕ್ಕದಲ್ಲಿ ಇಟ್ಟುಕೊಂಡೆ. ಎಲ್ಲಿ ಹಳದಿಯೋ ಅಲ್ಲಿ ಹೊಸದರಲ್ಲಿ ಕೈಯಲ್ಲೇ ತಿದ್ದುವುದು. ಮೊದಲೇ ಹೊಳೆದಿದ್ದರೆ ಒಂದು ರಾತ್ರಿ ನಿದ್ದೆ ಮಾಡಬಹುದಿತ್ತು.

ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿ 'ಮಲ್ಲಿಗೆ' ಹುಡುಕಿದರೆ 94 ಕಡೆ! ಹಸೆ ಹಾಡಿನಲ್ಲಿ ಮಲ್ಲಿಗೆ ಹುಡುಕುವುದು ಮಳೆಗಾಲದಲ್ಲಿ ನೀರು ಹುಡುಕಿದ ಹಾಗೆ ಎಂದು ತಡವಾಗಿ ಗೊತ್ತಾಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿ ಇನ್ನೊಂದು ಪದ ಕೇಳಿದೆ. "ಸೂರ್ಯ ಅಂತ ಬರುತ್ತೆ" ಎಂದರು. ಸೂರ್ಯ ಹುಡುಕಿದರೆ ಒಂದೂ ಇಲ್ಲ. ಅಮ್ಮ ಮಾತ್ರ ಪಕ್ಕದಲ್ಲಿ ಕೂತು "ಇಲ್ಲೇ ಇದೆಯಲ್ಲೇ" ಎಂದು ಬೆರಳು ತೋರಿಸುತ್ತಾರೆ. ಇದೇನಿದು?

ಸೊನ್ನೆ ಒಂದು:
ಅಮ್ಮ ಬಹುಶಃ ಅರ್ಕಾವತ್ತು ಹಾಕದೆ, 'ರ' ಬರೆದು ಕೆಳಗೆ ಯ ಒತ್ತು ಕೊಟ್ಟಿದ್ದಾರೆ. ಓದಲು ಎರಡೂ ಒಂದೇ. ಆದರೆ ಯೂನಿಕೋಡಿನಲ್ಲಿ ಆ ರೂಪ ತೋರಿಸಲು ಕಣ್ಣಿಗೆ ಕಾಣದ ಒಂದು ಗುರುತು ಒಳಗೆ ಕೂರುತ್ತದೆ. ನೀವು ಟೈಪ್ ಮಾಡಿದ ಸೂರ್ಯನಲ್ಲಿ ಅದಿಲ್ಲ. ಹಾಗಾಗಿ ಕಂಪ್ಯೂಟರಿಗೆ ಅವೆರಡು ಬೇರೆ ಬೇರೆ ಪದ. ಅಮ್ಮ ತೋರಿಸಿದ ಪದವನ್ನು ಅಲ್ಲಿಂದಲೇ ನಕಲು ಮಾಡಿ ಹುಡುಕು ಪೆಟ್ಟಿಗೆಗೆ ಹಾಕಿ.

ಮಳೆಮನೆ:
ಸಿಕ್ಕಿತು. ಏಳು ಸೂರ್ಯ, ಮಲ್ಲಿಗೆ ದಂಡೆಯ ಜೊತೆಗಿರುವುದು ಒಂದೇ. ಚಿಕ್ಕಮ್ಮನಿಗೆ ಕಳಿಸಿ ಹತ್ತು ನಿಮಿಷದಲ್ಲಿ ಫೋನ್ ಬಂತು: ಹಾಡಿನ ಮೂರನೇ ಚರಣದಲ್ಲಿ ಅಮ್ಮ ತಪ್ಪು ಬರೆದಿದ್ದಾರಂತೆ. ಅಕ್ಕತಂಗಿಯರ ಜಗಳ ಈಗ ಎರಡನೇ ದಿನ.

ಅಮ್ಮನಿಗೆ ಇನ್ನು ಮೇಲೆ ಏನು ಹಾಕಿಕೊಡಲಿ? ವಿಂಡೋಸ್‌ನಲ್ಲೇ ಬರುವ ಫೊನೆಟಿಕ್ ಕೀಬೋರ್ಡ್ ತೋರಿಸಿದೆ, ಅವರಿಗೆ ಬೇಡ. ಒತ್ತಕ್ಷರಕ್ಕೆ ಬೆರಳು ತಾನಾಗಿಯೇ ಎಫ್ ಕೀಲಿಗೆ ಹೋಗುತ್ತದೆ.

ಡಿಟಿಪಿ ಹಳಬ:
ಒತ್ತಕ್ಷರಕ್ಕೆ ಎಫ್ ಒತ್ತುವ ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ, ಒಮ್ಮೆ ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ನನಗೂ ಹಾಗೇ. ಬದಲಿಸಬೇಡಿ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿ ಕೊಡಿ. ಬೆರಳು ಹಳೆಯದೇ, ಅಕ್ಷರ ಹೊಸದು.

ಉಳಿದ ಎರಡು ಫೈಲಿಗೆ ಏನಾಯಿತು?

ಮಳೆಮನೆ:
ಅವು ಪೇಟೆಯ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು, ಫಾಂಟ್ ಪೆಟ್ಟಿಗೆಯಲ್ಲಿ ಶ್ರೀಲಿಪಿ ಎಂದಿದೆ. ಪರಿವರ್ತಕಕ್ಕೆ ಹಾಕಿದರೆ ಚಿಟಿಜಕ್ಕಿಂತ ಕೆಟ್ಟದಾಗಿ ಬಂತು.

ಡಿಟಿಪಿ ಹಳಬ:
ಶ್ರೀಲಿಪಿ ಬೇರೆ ತಂತ್ರಾಂಶ, ಅದರ ಅಕ್ಷರ ಜೋಡಣೆಯೇ ಬೇರೆ. ಅಂದು ಮುದ್ರಿಸಿದ ಕಾಗದ ಇದೆಯಾ? ಇದ್ದರೆ ನೆಟ್ಟಗೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಅಲ್ಲಿಂದ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಒತ್ತಕ್ಷರ ಒಂದಿಷ್ಟು ತಿದ್ದಬೇಕಾಗುತ್ತದೆ.

ಮಳೆಮನೆ:
ಕಾಗದ ಅಟ್ಟದ ಮೇಲಿನ ಟ್ರಂಕಿನಲ್ಲಿದೆಯಂತೆ. ಅಡಿಕೆ ಚೀಲ ಸರಿಸಿ ಹತ್ತಬೇಕು. ಭಾನುವಾರ ನೋಡುತ್ತೇನೆ.