ಎರಡನೇ ಪ್ಲೇಟಿಗೇ ನಿಂತುಹೋಗುವ ರೀಡರ್: ಕಾಮ್ ತೊಂದರೆಗೆ ಪರಿಹಾರ ತಿಳಿಸಿ

ಎಲೈಸಾ_ಮೇಜು:
ಎಲೈಸಾ ಪರೀಕ್ಷೆಯ ಪ್ಲೇಟುಗಳ ಬಣ್ಣವನ್ನು ಅಳೆಯುವ ಪ್ಲೇಟ್ ರೀಡರನ್ನು ರೋಬೊಟ್ ಕೈಗೆ ಜೋಡಿಸಿ ಮೂರು ವಾರವಾದರೂ ಒಂದು ರಾತ್ರಿಯೂ ಕೆಲಸ ಪೂರ್ತಿಯಾಗಿಲ್ಲ. ಮೊದಲ ಪ್ಲೇಟು 450 ನ್ಯಾನೊಮೀಟರಿನಲ್ಲಿ ಸರಿಯಾಗಿಯೇ ಓದಲ್ಪಡುತ್ತದೆ. ಎರಡನೆಯದು ಒಳಹೋದ ಮೇಲೆ ಟ್ರೇ ಹೊರಬರುವುದೇ ಇಲ್ಲ, ಲಾಗಿನಲ್ಲಿ ‘ಕಾಮ್ ಟೈಮ್‌ಔಟ್’ ಎಂದಿರುತ್ತದೆ. ಪ್ರತಿಕ್ರಿಯೆಯನ್ನು ನಿಲ್ಲಿಸುವ ಸ್ಟಾಪ್ ದ್ರಾವಣ ಹಾಕಿದ 15 ನಿಮಿಷದೊಳಗೆ ಓದಬೇಕೆಂದು ಕಿಟ್ಟಿನಲ್ಲಿ ಬರೆದಿದ್ದರೆ, ಹಳದಿಗಟ್ಟಿದ ಪ್ಲೇಟು ಬೆಳಗಿನವರೆಗೂ ರೀಡರಿನ ಹೊಟ್ಟೆಯಲ್ಲೇ ಕುಳಿತಿರುತ್ತದೆ. ಕೈಯಿಂದ ನಡೆಸಿದರೆ ಯಾವ ತೊಂದರೆಯೂ ಇಲ್ಲ.

ಸೀರಿಯಲ್_ತಂತಿ:
ಇದು ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನದೇ ಕಿತಾಪತಿ. ಅದನ್ನು ಬೇರೆ ಪೋರ್ಟಿಗೆ ಹಾಕಿದರೆ ಕಾಮ್3 ಇದ್ದದ್ದು ಕಾಮ್5 ಆಗಬಹುದು. ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿ, ಬಾಡ್ ರೇಟ್ (ಮಾಹಿತಿ ಸಾಗುವ ವೇಗ) ಎರಡೂ ಕಡೆ ಒಂದೇ ಇದೆಯೇ ನೋಡಿ.

ಎಲೈಸಾ_ಮೇಜು:
ಅಡಾಪ್ಟರನ್ನೇ ಬದಲಿಸಿದೆ. ಏನೂ ವ್ಯತ್ಯಾಸವಿಲ್ಲ.

ಸೀರಿಯಲ್_ತಂತಿ:
ಹಾಗಾದರೆ ಹೊಸದರ ಚಿಪ್ ನಕಲಿಯಿರಬೇಕು. ಇನ್ನೊಂದು ತಂದು ನೋಡಿ.

ಸಿಲಾ_ಪಕ್ಷ:
ಲ್ಯಾಬ್ ಉಪಕರಣಗಳು ಒಂದೇ ರೀತಿಯಲ್ಲಿ ಮಾತಾಡಿಕೊಳ್ಳಲು ಸಿಲಾ 2 ಮಾನದಂಡವಿರುವಾಗ ಇನ್ನೂ ಈ ಹಳೆಯ ದಾರಿಯಲ್ಲೇ ಏಕೆ ನಡೆಯಬೇಕೆಂಬುದು ನನಗೆ ಅರ್ಥವಾಗುವುದಿಲ್ಲ.

ಸೀರಿಯಲ್_ತಂತಿ:
ಹಳೆಯ ರೀಡರಿಗೆ ಸಿಲಾ ಡ್ರೈವರನ್ನು ತಾವು ಬರೆದುಕೊಡುವಿರಾ?

ಲಾಗ್_ನೋಡುಗ:
ತಾವಿಬ್ಬರೂ ಸ್ವಲ್ಪ ತಾಳಿ. ಎಲೈಸಾ ಅವರೇ, ತಾವು ಹೇಳುವ ಕಾಮ್ ಯಾವುದು? ಸೀರಿಯಲ್ ಪೋರ್ಟಿಗೂ ಆ ಹೆಸರಿದೆ, ಒಂದು ತಂತ್ರಾಂಶ ಇನ್ನೊಂದನ್ನು ನಡೆಸಲು ವಿಂಡೋಸಿನಲ್ಲಿರುವ ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್‌ಗೂ ಅದೇ ಹೆಸರಿದೆ. ರೋಬೊಟ್ ಮತ್ತು ರೀಡರನ್ನು ಸರದಿಯಂತೆ ನಡೆಸುವ ಶೆಡ್ಯೂಲರನ್ನು ವಿಂಡೋಸ್ ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ತಾನೇ ಓಡುವ ತಂತ್ರಾಂಶವಾಗಿ, ಓಡಿಸುತ್ತಿದ್ದೀರಾ? ಕೈಯಿಂದ ನಡೆಸುವಾಗ ಪರದೆಯ ಮೇಲೆ ಏನಾದರೂ ಪ್ರಶ್ನೆ ಬರುತ್ತದೆಯೇ?

ಎಲೈಸಾ_ಮೇಜು:
ಎರಡನೆಯ ಕಾಮ್. ಹೌದು, ಸರ್ವಿಸ್ ಆಗಿಯೇ ಓಡುತ್ತದೆ. ‘ಈ ಹೆಸರಿನ ಕಡತ ಆಗಲೇ ಇದೆ, ಅದರ ಮೇಲೆಯೇ ಬರೆಯಬೇಕೆ?’ ಎಂದು ಕೇಳುತ್ತದೆ, ‘ಯೆಸ್’ ಒತ್ತುತ್ತೇವೆ. ಅದು ಎಲ್ಲರಿಗೂ ಬರುವುದೇ ಅಲ್ಲವೇ?

ಲಾಗ್_ನೋಡುಗ:
ತೊಂದರೆ ಅಲ್ಲಿಯೇ ಇರುವಂತಿದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಸರ್ವಿಸ್‌ಗಳು ಸೆಷನ್ 0 ಎಂಬ ಬೇರೆ ಕೋಣೆಯಲ್ಲಿ ಓಡುತ್ತವೆ. ಅಲ್ಲಿಂದ ಶುರುವಾದ ರೀಡರ್ ತಂತ್ರಾಂಶ ಕೇಳುವ ಪ್ರಶ್ನೆ ಯಾರ ಪರದೆಗೂ ಬರುವುದಿಲ್ಲ, ಹೀಗಾಗಿ ಒತ್ತುವವರಿಲ್ಲದ ‘ಯೆಸ್’ಗಾಗಿ ಅದು ಕಾಯುತ್ತಲೇ ಇರುತ್ತದೆ. ಮೊದಲ ಪ್ಲೇಟಿಗೆ ಹಳೆಯ ಕಡತವಿಲ್ಲದ್ದರಿಂದ ಅದು ಪಾರಾಗುತ್ತದೆ. ರಫ್ತು ಕಡತದ ಹೆಸರಿಗೆ ಪ್ಲೇಟಿನ ಬಾರ್‌ಕೋಡ್ ಮತ್ತು ಸಮಯವನ್ನು ಸೇರಿಸಿ. ಶೆಡ್ಯೂಲರನ್ನು ಲಾಗಿನ್ ಆದ ಬಳಕೆದಾರರ ಸೆಷನ್ನಿನಲ್ಲೇ ಓಡಿಸಿ.

ಎಲೈಸಾ_ಮೇಜು:
ನಿನ್ನೆ ರಾತ್ರಿ ಹನ್ನೆರಡು ಪ್ಲೇಟೂ ಮುಗಿದವು. ತುಂಬಾ ಧನ್ಯವಾದಗಳು.

ಸೀರಿಯಲ್_ತಂತಿ:
ಆದರೂ ಅಡಾಪ್ಟರ್ ಮೇಲೊಂದು ಕಣ್ಣಿಟ್ಟಿರಿ.

ಲಾಗ್_ನೋಡುಗ:
ಒಂದು ಮಾತು. ಇಷ್ಟು ದಿನ ಕೈಯಿಂದ ‘ಯೆಸ್’ ಒತ್ತಿದಾಗಲೆಲ್ಲ ಹಿಂದಿನ ಪ್ಲೇಟಿನ ಅಂಕಿಗಳ ಮೇಲೆಯೇ ಹೊಸದನ್ನು ಬರೆಸಿದ್ದೀರಲ್ಲವೇ?

ಎಲೈಸಾ_ಮೇಜು:
ರೀಡರಿನ ಸ್ವಂತ ಡೇಟಾಬೇಸಿನಲ್ಲಿ ಉಳಿದಿರಬಹುದು. ಈಗ ಅದನ್ನೇ ತೆರೆದು ನೋಡುತ್ತಿದ್ದೇನೆ.