ಒಂದೇ ರಾತ್ರಿ ನಾಕು ಕಬಡ್ಡಿ ಪಂದ್ಯ: ನಡುವ ರೆಸ್ಟ್ ತಗೊಂಡ್ರ ಲಾಭನೋ, ಮೈ ಆರಿ ನಷ್ಟನೋ?

ಕುಂದಗೋಳ_ಲೆಫ್ಟ್‌ಕಾರ್ನರ್

ಎಲ್ಲಾರಿಗೂ ನಮಸ್ಕಾರ್ರಿ. 60 ಕೆ.ಜಿ. ಒಳಗಿನ ಹವ್ಯಾಸಿ ತಂಡ, 12 ಹುಡುಗೂರು. ಶನಿವಾರ ರಾತ್ರಿ 16 ತಂಡದ ನಾಕೌಟ್ ಐತಿ. ಮಣ್ಣಿನ ಕೋರ್ಟ್ ಒಂದೇ, 10-2-10 ನಿಮಿಷದ ಆಟ (ಹತ್ತತ್ತು ನಿಮಿಷದ ಎರಡು ಹಾಫ್, ನಡುವ 2 ನಿಮಿಷ ಬಿಡುವು), ಶುರು ರಾತ್ರಿ 8ಕ್ಕ. ಅದಾಗಿ ಮಂಗಳವಾರ ರಾತ್ರಿ ರೋಣದ ಕಡೆ ಇನ್ನೊಂದು ಪಂದ್ಯಾವಳಿ, ಅದು ಮ್ಯಾಟ್ ಮ್ಯಾಲೆ, ಪೂರಾ 20-5-20.

ತಂಡದಾಗ ಎರಡು ಪಾರ್ಟಿ ಆಗ್ಯಾವ. ಒಂದು ಪಾರ್ಟಿ ಪಂದ್ಯ ಮುಗದ ಕೂಡಲೇ ಟೆಂಪೋದಾಗ ಮಲಗಬೇಕು ಅಂತೈತಿ. ಇನ್ನೊಂದು ಪಾರ್ಟಿ ಕುಂತ್ರ ಮೈ ಆರ್ತೈತಿ, ಮುಂದಿನ ಪಂದ್ಯದ ತನಕ ಓಡಾಡ್ಕೋತನ ಇರಬೇಕು ಅಂತೈತಿ. ಯಾವುದು ಖರೇ? ರವಿವಾರ, ಸೋಮವಾರ ಪ್ರಾಕ್ಟೀಸ್ ಇಡಬೇಕೋ ಬ್ಯಾಡೋ? ನಡುವ ಏನು ತಿನ್ನಿಸಬೇಕು? ಲೆಕ್ಕಾ ಹಾಕಿ ಹೇಳಾವ್ರು ಬೇಕಾಗ್ಯಾರ.

ಪಿಇ_ಮಾಸ್ತರ_ಗದಗ

ಮೈಯಾಗ ಯಾವುದು ಎಷ್ಟು ಹೊತ್ತಿಗೆ ವಾಪಸ್ ಬರ್ತೈತಿ ಅಂತ ಗೊತ್ತಾದ್ರ ಜಗಳ ಅರ್ಧ ಮುಗೀತು.

30 ಸೆಕೆಂಡಿನ ರೇಡಿಗೆ (ಎದುರಿನ ಅಂಗಳಕ್ಕ ನುಗ್ಗಿ ಮುಟ್ಟಿ ಬರೋದಕ್ಕ), ಒಂದು ಆಂಕಲ್ ಹೋಲ್ಡಿಗೆ (ರೇಡರ್‌ನ ಪಾದದ ಕೀಲು ಹಿಡಿಯೋದಕ್ಕ) ಬೇಕಾಗೋ ಸಿಡಿತದ ಶಕ್ತಿ ಸ್ನಾಯುವಿನೊಳಗಿನ ಕ್ರಿಯೇಟಿನ್ ಫಾಸ್ಫೇಟಿನಿಂದ ಬರ್ತೈತಿ. ಅದು 3ರಿಂದ 5 ನಿಮಿಷದಾಗ ಬಹುತೇಕ ತುಂಬ್ಕೋತೈತಿ. ಒಂದರ ಮ್ಯಾಲೊಂದು ರೇಡ್ ಹೋದಾಗ ತೊಡಿ ಉರಿಯೋ ಹೊತ್ತಿನ್ಯಾಗ ರಕ್ತದೊಳಗ, ಜೋರಾಗಿ ದುಡಿದ ಸ್ನಾಯು ಬಿಡೋ ಲ್ಯಾಕ್ಟೇಟ್ ಏರಿರ್ತೈತಿ. ಸುಮ್ನ ಕುಂತ್ರ ಅದು ಇಳಿಲಿಕ್ಕೆ ತಾಸು ಹತ್ರ ಬೇಕು, ನಿಧಾನ ನಡದ್ರ ಇನ್ನೂ ಬೇಗ. ಸ್ನಾಯುವಿನ ಸಕ್ಕರಿ ದಾಸ್ತಾನು, ಅಂದ್ರ ಗ್ಲೈಕೋಜನ್, ಖಾಲಿ ಆದ್ರ ತುಂಬಲಿಕ್ಕೆ ಒಂದು ದಿನ. ಮೈಕೈ ನೋವು 24ರಿಂದ 72 ತಾಸಿನ ನಡುವ ಜೋರಾಗಿರ್ತೈತಿ.

ಅಂದ್ರ ಅರ್ಧ ತಾಸು ಸಿಕ್ಕರೂ ರೇಡರ್‌ನ ಸಿಡಿತ ವಾಪಸ್ ಬರ್ತೈತಿ. ಬರಲಾರದ್ದು ನೀರು ಮತ್ತ ಸಕ್ಕರಿ, ಅವನ್ನ ನಾವ ಒಳಗ ಹಾಕಬೇಕು. ಇನ್ನ ಓಡಾಡೋ ಪಾರ್ಟಿ ಮಾತಿನ್ಯಾಗೂ ಹುರುಳೈತಿ. ವಾರ್ಮ್‌ಅಪ್‌ನ ಬಿಸಿ 15-20 ನಿಮಿಷ ಸುಮ್ನ ಕುಂತ್ರ ಇಳೀತೈತಿ. ಹಂಗಂತ ಎರಡು ತಾಸು ಜಿಗದಾಡಿದ್ರ ಇರೋ ಸಕ್ಕರಿನೂ ಹೋತು.

ಮಾಡೋದು ಹಿಂಗ. ಪಂದ್ಯ ಮುಗದ ಮ್ಯಾಲೆ 5 ನಿಮಿಷ ನಡಿಗಿ, ಕುಂದ್ರೋದು ಆಮ್ಯಾಲೆ. ತಕ್ಷಣ ತೊಯ್ದ ಬನಿಯನ್ ತಗದು ಒಣಾ ಅಂಗಿ. ನವೆಂಬರ್ ದಾಟಿದ ಮ್ಯಾಲೆ ನಮ್ಮ ಕಡೆ ರಾತ್ರಿ ಗಾಳಿಗೆ ತೊಯ್ದ ಬನಿಯನ್‌ದಾಗ ಕುಂತವ್ನ ಮೀನಖಂಡ ಮೊದಲು ಹಿಡೀತಾವ. ಆಮ್ಯಾಲೆ ನೀರು, ತಿನಿಸು, ಕಾಲು ಮ್ಯಾಲೆ ಇಟ್ಟು ಚಾಪಿ ಮ್ಯಾಲೆ ಮಲಗೋದು. ಟೆಂಪೋ ಸೀಟಿನ್ಯಾಗ ಮೊಣಕಾಲು ಮಡಚಿ ಮಲಗೋದು ಬ್ಯಾಡ, ತೊಡಿ ಹಿಂದಿನ ನರ ಬಿಗೀತಾವ.

ಕರಿಯೋ 12 ನಿಮಿಷ ಮೊದಲು ಎಬ್ಬಸ್ರಿ. 3 ನಿಮಿಷ ಸಣ್ಣ ಓಟ. 2 ನಿಮಿಷ ಚೈನ್ ಹಿಡಕೊಂಡು (ಕೈಗೆ ಕೈ ಕೂಡಿಸಿ) ಎಡಕ್ಕ ಬಲಕ್ಕ ಸರಿಯೋದು. ಒಂದೊಂದು ಕಾಲು ಮುಂದ ಹಿಂದ 10 ಸಲ ಬೀಸೋದು. 5 ಮೀಟರಿನ 4 ಚುರುಕು ಓಟ. ಕಡೀಕ ರೇಡರ್‌ಗೋಳು 3 ಸುಳ್ಳ ರೇಡ್, ಕಾರ್ನರ್‌ನವ್ರು (ತುದಿಗೆ ನಿಂತು ಹಿಡಿಯೋರು) ಅರ್ಧ ಜೋರಿನ್ಯಾಗ 4 ಹೋಲ್ಡ್. ಇಷ್ಟಕ್ಕ 8-10 ನಿಮಿಷ ಸಾಕು. ಮೊದಲನೇ ಪಂದ್ಯಕ್ಕ ಮಾಡಿದ ಅರ್ಧ ತಾಸಿನ ವಾರ್ಮ್‌ಅಪ್ ಪ್ರತಿ ಪಂದ್ಯಕ್ಕೂ ಮಾಡಿಸಬ್ಯಾಡ್ರಿ.

ಹಾವೇರಿ_ಸ್ಕೋರರ್

ಮಾಸ್ತರ ಹೇಳಿದ್ದು ಬರೋಬ್ಬರಿ ಐತಿ, ಆದ್ರ ರೆಸ್ಟ್ ಎಲ್ಲಾ ತಂಡಕ್ಕೂ ಸಮ ಸಿಗೂದಿಲ್ಲ. ಅದು ಚೀಟಿ ಎತ್ತಿದಾಗ ಠರಾವ್ ಆಗಿಬಿಡ್ತೈತಿ.

10-2-10 ಅಂದ್ರ 22 ನಿಮಿಷ. ಟೈಮ್‌ಔಟ್, ಪಾಯಿಂಟಿನ ತಕರಾರು, ಸುಣ್ಣದ ಗೆರಿ ಮತ್ತ ಹೊಡಿಯೋದು, ತಂಡ ಒಳಗ ಬರೋದು ಎಲ್ಲಾ ಕೂಡಿ ಒಂದು ಪಂದ್ಯಕ್ಕ 35 ನಿಮಿಷ ಹಿಡೀರಿ. 16 ತಂಡಕ್ಕ 15 ಪಂದ್ಯ. 15 × 35 = 525 ನಿಮಿಷ, ಅಂದ್ರ 8 ತಾಸು 45 ನಿಮಿಷ. 8ಕ್ಕ ಶುರು ಆದ್ರ ಫೈನಲ್ ಮುಗಿಯೋದು ನಸುಕಿನ 4:45ಕ್ಕ. ಅದೂ ಉದ್ಘಾಟನಾ ಭಾಷಣ ಇಲ್ಲದಿದ್ರ!

ಈಗ ಚೀಟಿ ನೋಡ್ರಿ. 1ನೇ ಪಂದ್ಯ ಗೆದ್ದ ತಂಡ ಕ್ವಾರ್ಟರ್ ಆಡೋದು 9ನೇ ಪಂದ್ಯಕ್ಕ. ನಡುವ 7 ಪಂದ್ಯ, 245 ನಿಮಿಷ ರೆಸ್ಟ್. ಅಲ್ಲಿಂದ ಸೆಮಿ 13ನೇದ್ದು, ನಡುವ 3 ಪಂದ್ಯ, 105 ನಿಮಿಷ. ಅಲ್ಲಿಂದ ಫೈನಲ್ 15ನೇದ್ದು, 35 ನಿಮಿಷ. ಅದೇ 8ನೇ ಪಂದ್ಯ ಗೆದ್ದಾವ್ರು 12ಕ್ಕ ಆಡ್ತಾರ, 105 ನಿಮಿಷ ಸಿಕ್ತು. 12 ಗೆದ್ದು 14ಕ್ಕ ಸೆಮಿ, ಬರೇ 35 ನಿಮಿಷ. 14 ಗೆದ್ದು 15ಕ್ಕ ಫೈನಲ್, ರೆಸ್ಟ್ ಸೊನ್ನಿ. ಮ್ಯಾಲಿನ ತುದಿಗಿದ್ದ ತಂಡಕ್ಕ ರಾತ್ರಿ ಪೂರಾ 385 ನಿಮಿಷ, ಕೆಳಗಿನ ತುದಿಗಿದ್ದ ತಂಡಕ್ಕ 140. ಎರಡೂ ಆಡಿದ್ದು ನಾಕ ಪಂದ್ಯ. ಫೈನಲ್‌ದಾಗ ಎರಡನೇ ಹಾಫಿಗೆ ಕೆಳಗಿನ ತಂಡ ಕುಸಿದ್ರ ಜನ "ದಮ್ಮಿಲ್ಲ" ಅಂತಾರ. ದಮ್ಮು ಚೀಟ್ಯಾಗ ಹೋಗಿರ್ತೈತಿ.

ಪಂದ್ಯದ ಕ್ರಮ ಹ್ಯಾಂಗ ತಿರುವಿದ್ರೂ ಕಡೀ ಸೆಮಿ ಗೆದ್ದಾವ್ರಿಗೆ ಸೊನ್ನಿನ. ಉಪಾಯ ಒಂದ ಐತಿ. ಊರ ಹಿರೇರ ಸತ್ಕಾರ, ಶಾಲು-ಹಾರ, ದೇಣಿಗಿ ಕೊಟ್ಟವ್ರ ಹೆಸರು ಓದೋದು ಇವೆಲ್ಲಾ 14 ಮತ್ತ 15ರ ನಡುವ ಇಡಸ್ರಿ. ಶುರುವಿನ್ಯಾಗ ಒಂದೂವರಿ ತಾಸು ನುಂಗೋ ಭಾಷಣ ಅಲ್ಲಿ ಉಪಯೋಗಕ್ಕ ಬರ್ತಾವ. ಕಮಿಟಿಯವ್ರ ಮುಂದ ಪ್ರವೇಶ ಫೀ ಕಟ್ಟೋವಾಗನ ಮಾತಾಡ್ರಿ, ಫೈನಲ್ ಮೊದಲು ಕಡಿಮಿ ಅಂದ್ರ 25 ನಿಮಿಷ ಅಂತ ನಿಯಮದ ಹಾಳ್ಯಾಗ ಬರಸ್ರಿ. ಆ ಖಾಲಿ ಹೊತ್ತಿನ್ಯಾಗ ಮೂರನೇ ಸ್ಥಾನದ ಪಂದ್ಯ ಆಡಿಸೋರು ಇರ್ತಾರ. ಆವಾಗ ಎರಡನೇ ಸೆಮಿ ಸೋತವ್ರು ಕೋರ್ಟ್ ಬಿಟ್ಟು ಹೊರಗ ಬರದ ಮತ್ತ ಆಡಬೇಕಾಗ್ತೈತಿ. ಮೂರನೇ ಬಹುಮಾನ ಇಬ್ಬರಿಗೂ ಹಂಚಿದ್ರ ತಂಟೆ ಇಲ್ಲ.

ಹಳೇಹುಬ್ಬಳ್ಳಿ_ರೇಡರ್

ಅಲ್ರೀ, 245 ನಿಮಿಷ ಸಿಕ್ಕ ತಂಡ ಮಲಗಿ ಎದ್ದು ಬಂದು ಮೊದಲ 4 ನಿಮಿಷದಾಗ ಲೋನಾ (ಏಳೂ ಮಂದಿ ಔಟ್ ಆಗಿ ಎದುರಿನವ್ರಿಗೆ ಹೆಚ್ಚಿನ ಪಾಯಿಂಟ್) ಕೊಡೋದು ನೋಡಿಲ್ಲೇನು? ಕಣ್ಣಾಗ ನಿದ್ದಿ, ಕಾಲು ಭಾರ, ಎದುರಿನವ ಎರಡು ಬೋನಸ್ ಹೊಡದ ಮ್ಯಾಲೆ ಇವ್ರಿಗೆ ಎಚ್ಚರ. ಭಾಳ ರೆಸ್ಟ್ ಅಂದ್ರೂ ಕೆಡಕ.

ಪಿಇ_ಮಾಸ್ತರ_ಗದಗ

ಅಣ್ಣಾರ, ಅದು ನಿದ್ದಿ ತಪ್ಪು. ಮಲಗಿದ್ರ 20-25 ನಿಮಿಷಕ್ಕ ಎಬ್ಬಿಸಬೇಕು. ಅದಕ್ಕಿಂತ ಹೆಚ್ಚಾದ್ರ ಗಾಢ ನಿದ್ದಿಗೆ ಇಳೀತಾರ, ಎದ್ದ ಮ್ಯಾಲೆ ಅರ್ಧ ತಾಸು ಮಂಪರ ಹೋಗೂದಿಲ್ಲ. ಒಬ್ಬವ್ನು ಮೊಬೈಲ್ ಅಲಾರಂ ಇಟಗೊಂಡು ಎಚ್ಚರಿರ್ಲಿ.

ಇನ್ನೊಂದು ಮಾತು. ಬರೋಬ್ಬರಿ ರೆಸ್ಟ್ ಸಿಗೋದು ಪಂದ್ಯದ ಒಳಗ. 12 ಮಂದ್ಯಾಗ 7 ಒಳಗ, 5 ಹೊರಗ. 12-13 ಪಾಯಿಂಟ್ ಮುಂದಿದ್ದು 4 ನಿಮಿಷ ಉಳಿದ್ರ ಮುಖ್ಯ ರೇಡರ್‌ನ ತಗೀರಿ. ಪ್ರೇಕ್ಷಕರು ಕೂಗ್ತಾರ ಅಂತ ಅವನ್ನ ಕಡೀತನಕ ಓಡಿಸಿ ಸೆಮಿಯಾಗ ಕಾಲು ಎಳಿಯೋ ತಂಡ ಭಾಳ ಅದಾವ. ಮುಂದಿದ್ದಾಗ ಅವ್ನು ಔಟ್ ಆಗಿ ಕುಂತ್ರೂ ಗಡಿಬಿಡಿ ಮಾಡಿ ರಿವೈವ್ (ಪಾಯಿಂಟ್ ಗಳಿಸಿ ಮತ್ತ ಒಳಗ ಕರಕೊಳ್ಳೋದು) ಮಾಡ್ಕೋಳೋದು ಬ್ಯಾಡ. ಬೆಂಚಿನ ಹುಡುಗೂರಿಗೆ ಅದೊಂದು ಪಂದ್ಯದ ರೂಢಿನೂ ಆಗ್ತೈತಿ.

ಬ್ಯಾಡಗಿ_60ಕೆಜಿ

60 ಕೆ.ಜಿ. ಅಂದ್ರಿ, ತೂಕದ ಮಾತು ಯಾರೂ ತಗೀಲಿಲ್ಲ. ಎರಡು ದಿನ ಉಪವಾಸ, ಮೈಮ್ಯಾಲೆ ಜರ್ಕಿನ್ ಹಾಕ್ಕೊಂಡು ಓಡಿ, ಉಗುಳಿ ಉಗುಳಿ 2 ಕೆ.ಜಿ. ಇಳಿಸಿ ಸಂಜಿ 6ಕ್ಕ ತೂಕ ಕೊಟ್ಟವ್ನಿಗೆ ರಾತ್ರಿ ಪೂರಾ ರೆಸ್ಟ್ ಕೊಟ್ರೂ ಉಪಯೋಗಿಲ್ಲ. ಮೈತೂಕದ ನೂರಕ್ಕ ಎರಡು ಪಾಲು ನೀರು ಹೋದ್ರನ ಆಟ ಕೆಡ್ತೈತಿ. 60 ಕೆ.ಜಿ.ಯವ್ನಿಗೆ ಅದು 1 ಕೆ.ಜಿ. 200 ಗ್ರಾಂ. ನೀರು ಇಳಿಸೋ ಮಾತ್ರಿ ಅಂತೂ ಮುಟ್ಟಬ್ಯಾಡ್ರಿ, ಜಾಗತಿಕ ನಿಷೇಧ ಪಟ್ಟಿಯಾಗ ಅದಾವ, ಮ್ಯಾಲೆ ಹೃದಯದ ಬಡಿತ ಏರುಪೇರಾಗೋ ಅಪಾಯ ಬ್ಯಾರೆ.

ಹೋದ ನೀರು ಎಷ್ಟು ಅಂತ ತಿಳಿಯೋದು ಸರಳ. ತೂಕದ ಯಂತ್ರ ಅಲ್ಲೇ ಇರ್ತೈತಿ. ಪಂದ್ಯದ ಮೊದಲು, ಆದ ಮ್ಯಾಲೆ ಬರೇ ಚಡ್ಡಿ ಮ್ಯಾಲೆ ನಿಂದ್ರಸ್ರಿ. ಅರ್ಧ ಕೆ.ಜಿ. ಇಳಿದಿದ್ರ ಮುಕ್ಕಾಲು ಲೀಟರ್ ಒಳಗ ಹೋಗಬೇಕು, ಅದೂ ಗುಟುಕು ಗುಟುಕಾಗಿ ತಾಸಿನ ಮ್ಯಾಲೆ. ಬರೇ ನೀರು ಗಟಗಟ ಕುಡದ್ರ ಮೂತ್ರಕ್ಕ ಹೋಗ್ತೈತಿ, ಉಪ್ಪು ಬೇಕು. ಓಆರ್‌ಎಸ್ ಪಾಕೀಟು 1 ಲೀಟರಿಗೆ ಒಂದು. ಸಿಗದಿದ್ರ 1 ಲೀಟರಿಗೆ 6 ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಸಪಾಟಾಗಿರಬೇಕು. ಉಪ್ಪು ಹಾಕಿದ ತೆಳು ಮಜ್ಜಿಗಿನೂ ನಡೀತೈತಿ.

ಸ್ಟಾಲಿನ ಮಿರ್ಚಿ ಭಜಿ, ಗಿರ್ಮಿಟ್ ಪಂದ್ಯ ಪೂರಾ ಮುಗದ ಮ್ಯಾಲೆ. ಎಣ್ಣಿ ಹೊಟ್ಟಿಯಾಗ ಭಾಳ ಹೊತ್ತು ಕುಂದರ್ತೈತಿ, ಡ್ಯಾಶ್ (ಮೈಲೆ ಗುದ್ದಿ ಕೋರ್ಟಿನ ಹೊರಗ ದಬ್ಬೋದು) ಬಿದ್ದಾಗ ಹೊರಗ ಬರ್ತೈತಿ. ತಾಸಿಗೆ ಒಂದು ಕೆ.ಜಿ. ಮೈತೂಕಕ್ಕ 1 ಗ್ರಾಂ ಲೆಕ್ಕದಾಗ ಪಿಷ್ಟ-ಸಕ್ಕರಿ ಸಾಕು. 60 ಕೆ.ಜಿ. ಹುಡುಗಗ ಎರಡು ಬಾಳೆಹಣ್ಣು, ಒಂದು ಅಡಿಕಿಯಷ್ಟು ಬೆಲ್ಲ ಅಂದ್ರ ಲೆಕ್ಕ ಕೂಡ್ತೈತಿ. 35 ನಿಮಿಷನ ಇದ್ರ ಒಂದ ಬಾಳೆಹಣ್ಣು. 105 ನಿಮಿಷ ಇದ್ರ ಮೊಸರನ್ನ ಒಂದು ಸಣ್ಣ ಡಬ್ಬಿ. ರೊಟ್ಟಿ-ಕಾಳಪಲ್ಯಾ ಮಧ್ಯಾಹ್ನಕ್ಕ ಬಿಡ್ರಿ.

ನವಲಗುಂದ_ಓದುಗ

ಇಲ್ಲಿತನಕ ತಾಸಿನ ರೆಸ್ಟ್ ಆತು, ದಿನದ ರೆಸ್ಟಿಗೆ ಬರೋಣ. ಐರ್ಲೆಂಡಿನ ಗೇಲಿಕ್ ಫುಟ್ಬಾಲ್ ನಮ್ಮಂಗ ಹವ್ಯಾಸಿ ಆಟ, ಹಗಲೊತ್ತು ನೌಕರಿ, ಸಂಜಿಮುಂದ ಆಟ. ಕ್ಲಬ್ ಪಂದ್ಯ 60 ನಿಮಿಷ, ಕೌಂಟಿ (ಜಿಲ್ಲಾ ತಂಡದ) ಸೀನಿಯರ್ ಪಂದ್ಯ 70. ಒಬ್ಬನ ಹುಡುಗ ಎರಡೂ ಕಡೆ ಆಡಿ ಮೈ ಸವೆಯೋದು ಹೆಚ್ಚಾದಾಗ ಅಲ್ಲಿಯವ್ರು ಹಂಗಾಮನ್ನ ಎರಡು ಪಾಲು ಮಾಡಿದ್ರು. 2022ರಿಂದ ಕೌಂಟಿ ಫೈನಲ್ ಜುಲೈದಾಗ ಮುಗೀತೈತಿ, ಆಮ್ಯಾಲೆ ಕ್ಲಬ್. ನಮ್ಮಲ್ಲಿ ಹಂಗ ಹೇಳಾವ್ರು ಯಾರೂ ಇಲ್ಲ. ಜಾತ್ರಿ, ದಸರಾ, ಗಣಪತಿ, ಎಲ್ಲಿ ಪೆಂಡಾಲ್ ಬಿತ್ತೋ ಅಲ್ಲಿ ಪಂದ್ಯ.

ನಿಮ್ಮ ಶನಿವಾರದ ಫೈನಲ್ ರವಿವಾರ ನಸುಕು 5ಕ್ಕ ಮುಗೀತು ಅಂದ್ರ ಮಂಗಳವಾರ ರಾತ್ರಿ 8ಕ್ಕ 63 ತಾಸು. ಗ್ಲೈಕೋಜನ್ ತುಂಬಲಿಕ್ಕೆ ಸಾಕು, ನೋವು ಪೂರಾ ಇಳಿಲಿಕ್ಕೆ ಸಾಲೂದಿಲ್ಲ. ರವಿವಾರ ಪ್ರಾಕ್ಟೀಸ್ ಬ್ಯಾಡ. ಮುಂಜಾನಿ ಮಲಗಿ 11-12ಕ್ಕ ಏಳಸ್ರಿ, ಸಂಜಿತನಕ ಮಲಗಿದ್ರ ಆ ರಾತ್ರಿ ನಿದ್ದಿ ಬರೂದಿಲ್ಲ, ಸೋಮವಾರನೂ ಕೆಡ್ತೈತಿ. ಸಂಜಿಮುಂದ 20 ನಿಮಿಷ ನಡಿಗಿ. ಸೋಮವಾರ 30 ನಿಮಿಷ ಅಷ್ಟ, ಬೂಟು ಹಾಕ್ಕೊಂಡು. ಶನಿವಾರ ಮಣ್ಣಿನ್ಯಾಗ ಬರಿಗಾಲು, ಮಂಗಳವಾರ ಮ್ಯಾಟ್ ಮ್ಯಾಲೆ ಬೂಟು. ಮಣ್ಣಿನ್ಯಾಗ ಕಾಲು ಸ್ವಲ್ಪ ಜಾರ್ತೈತಿ, ಮ್ಯಾಟ್ ಗಪ್ಪನೆ ಹಿಡೀತೈತಿ. ದಣಿದ ಕಾಲಿಲೆ ಗಕ್ಕನೆ ತಿರುಗಿದ್ರ ಮೊಣಕಾಲಿನ ಒಳಗಿನ ಕಟ್ಟು (ಲಿಗಮೆಂಟ್) ಹರಿಯೋದು ಇಂಥಾದ್ರಾಗ. ಅದಕ್ಕ ಸೋಮವಾರ ನಿಲ್ಲೋದು, ತಿರುಗೋದು ಇಷ್ಟನ್ನ ಅರ್ಧ ಜೋರಿನ್ಯಾಗ ಮಾಡಸ್ರಿ, ಹೋಲ್ಡ್ ಬ್ಯಾಡ, ಡ್ಯಾಶ್ ಬ್ಯಾಡ.

ಶನಿವಾರ ನಾಕು ಪಂದ್ಯ ಆಡಿದ್ರೂ ಗಡಿಯಾರದ ಲೆಕ್ಕ 80 ನಿಮಿಷ. ಮಂಗಳವಾರ ಎರಡ ಪಂದ್ಯಕ್ಕ ಅಷ್ಟಾಗ್ತೈತಿ. ಬೆಂಚ್ ಅಲ್ಲಿ ಇನ್ನೂ ಹೆಚ್ಚು ಬೇಕಾಗ್ತೈತಿ.

ಕೇಳಬೇಕಾದ್ದು ಇನ್ನೊಂದೈತಿ. ಆ ಎರಡು ದಿನ ಹುಡುಗೂರು ಏನು ಕೆಲಸ ಮಾಡ್ತಾರ? ಎಪಿಎಂಸಿಯಾಗ ಹಮಾಲಿ, ಹೊಲದಾಗ ಬೆನ್ನಿಗೆ ಪಂಪ್ ಕಟ್ಟಿ ಎಣ್ಣಿ ಹೊಡಿಯೋದು, ಸೆಂಟ್ರಿಂಗ್ ಕೆಲಸ ಇದ್ರ ನೀವು ಪ್ರಾಕ್ಟೀಸ್ ಬಿಡಿಸಿದ್ರೂ ಅದು ರೆಸ್ಟ್ ಅಲ್ಲ. ಪಗಾರ ಬಿಡ್ರಿ ಅನ್ನಾಕ ಬರೂದಿಲ್ಲ. ಆದ್ರ ಅಂಥಾ ಹುಡುಗನ್ನ ಮಂಗಳವಾರ ಮೊದಲ ಪಂದ್ಯಕ್ಕ ಬೆಂಚಿಗೆ ಕುಂದ್ರಸಾಕ ಬರ್ತೈತಿ.

ಕುಂದಗೋಳ_ಲೆಫ್ಟ್‌ಕಾರ್ನರ್

ಭಾಳ ಉಪಕಾರ ಆತ್ರಿ. ತಂಡದಾಗ ಇಬ್ರು ಹಮಾಲಿ, ಒಬ್ಬವ್ನು ಸೆಂಟ್ರಿಂಗ್. ಇನ್ನೊಂದ ಪ್ರಶ್ನೆ. ನಡುವ ಕಾಲು ಉಳುಕಿದ್ರ ಬರ್ಫ ಇಟ್ಟು, ನೋವಿನ ಗುಳಗಿ ಕೊಟ್ಟು ಮುಂದಿನ ಪಂದ್ಯಕ್ಕ ಇಳಸಬಹುದೇನ್ರಿ?

ಪಿಇ_ಮಾಸ್ತರ_ಗದಗ

ಆ ಕಾಲಿನ ಮ್ಯಾಲೆ ನಾಕು ಹೆಜ್ಜಿ ಇಡಾಕ ಬರದಿದ್ರ, ಇಲ್ಲಾ ಕೀಲಿನ ಎಲವು ಒತ್ತಿದಾಗ ಚೀರಿದ್ರ, ಆಟ ಬಂದ್, ಮರುದಿನ ಎಕ್ಸ್‌ರೇ. ನಡಿಯಾಕ ಬಂದ್ರೂ ಒಂಟಿ ಕಾಲಿಲೆ 10 ಜಿಗತ ಜಿಗಿಬೇಕು, ಅದಾಗದಿದ್ರ ಇಳಸಬ್ಯಾಡ್ರಿ. ಬರ್ಫ ಟಾವೆಲ್‌ನ್ಯಾಗ ಸುತ್ತಿ 10-15 ನಿಮಿಷ, ಅದೂ ಅವತ್ತಿನ ಆಟ ಮುಗದವ್ನಿಗೆ. ತಣ್ಣಗಾದ ಕೀಲಿಗೆ ಹೆಜ್ಜಿ ಎಲ್ಲಿ ಬಿತ್ತು ಅನ್ನೋ ಅಂದಾಜು ಸಿಗೂದಿಲ್ಲ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಪಂದ್ಯದ ನಡುವ ಬ್ಯಾಡ. ನೀರು ಕಡಿಮಿ ಆದ ಮೈಯಾಗ ಅವು ಕಿಡ್ನಿಗೆ ಏಟು. ಮತ್ತ ತಲಿಗೆ ಮೊಣಕಾಲು ಬಡದು ಕಣ್ಣಿಗೆ ಕತ್ತಲಿ ಬಂದವ್ನು, "ಸ್ಕೋರ್ ಎಷ್ಟಾಗೈತಿ" ಅಂತ ಎರಡು ಸಲ ಕೇಳಿದವ್ನು ಎಷ್ಟ ರೆಸ್ಟ್ ಮಾಡಿದ್ರೂ ಆ ರಾತ್ರಿ ಆಡೂಹಂಗಿಲ್ಲ, ಮಂಗಳವಾರನೂ ಇಲ್ಲ. ಅವನ್ನ ಟೆಂಪೋದಾಗ ಒಬ್ಬನ್ನ ಮಲಗಿಸಿ ಎಲ್ಲಾರೂ ಫೈನಲ್ ನೋಡಾಕ ಹೋಗಬ್ಯಾಡ್ರಿ. ಒಬ್ಬವ್ನು ಬಾಜೂಕ ಕುಂತು ಮಾತಾಡಿಸ್ತಿರ್ಲಿ, ವಾಂತಿ ಆದ್ರ, ತಲಿನೋವು ಏರಿದ್ರ ಸೀದಾ ದವಾಖಾನಿಗೆ.